ಶುಶ್ರೂಷೆಯ ಹೊಣೆಗಾರಿಕೆ: ನ್ಯಾಯಚರಿತ್ರೆಯ ಒಂದು ವಿವೇಚನೆ

ವೈದ್ಯನ ಹೊಣೆಯನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ರೋಗಿಯ ಮಗ್ಗುಲಲ್ಲಿ ಹಗಲಿರುಳು ನಿಲ್ಲತಕ್ಕ ದಾದಿಯ ಹೊಣೆಯನ್ನು ನ್ಯಾಯಶಾಸ್ತ್ರವು ಹೇಗೆ ಕಂಡಿತೆಂಬ ಪ್ರಶ್ನೆ ಚರಿತ್ರಕಾರರ ಗಮನಕ್ಕೆ ಬಂದದ್ದು ಕಡಮೆ. ಆಕೆ ಉತ್ತರ ಹೇಳಬೇಕಾದದ್ದು ವೈದ್ಯನಿಗೋ, ಆಸ್ಪತ್ರೆಗೋ, ರೋಗಿಗೋ? ಈ ಪ್ರಶ್ನೆಯನ್ನು ನಮ್ಮ ನಾಡಿಗೆ ಸಂಬಂಧಿಸಿದ ಸಂಗತಿಗಳ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಶಾಸನದ ಮಾತು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಶುಶ್ರೂಷೆಯ ಕಾನೂನೂ ಹಂಚಿಹೋಗಿತ್ತು. ಮಂಗಳೂರಿನ ದಾದಿ ಮದರಾಸಿನ 1926ರ ಶಾಸನಕ್ಕೆ ಒಳಪಟ್ಟವಳು. ಹೊನ್ನಾವರದವಳು ಮುಂಬಯಿಯ 1935ರ ಶಾಸನಕ್ಕೆ. ಎಮ್ಮೆದೊಡ್ಡಿ, ತರೀಕೆರೆ, ಅಜ್ಜಂಪುರಗಳನ್ನೊಳಗೊಂಡ ಅಂದಿನ ಕಡೂರು ಜಿಲ್ಲೆಯಾದರೋ ಮೈಸೂರು ಸಂಸ್ಥಾನದ ಆಡಳಿತದಲ್ಲಿತ್ತು. 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಶಾಸನವು ಶಿಕ್ಷಣಕ್ಕೆ ಏಕರೂಪವನ್ನು ಕೊಡಲೆಳಸಿತು. 1956ರ ಏಕೀಕರಣದ ತರುವಾಯ, 1961ರಲ್ಲಿ, ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರನ್ನು ಕುರಿತ ರಾಜ್ಯ ಶಾಸನವು ರಚಿತವಾಯಿತು. 1947ರ ಶಾಸನದ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ಆಯೋಗವನ್ನು ವಿಧಿಸುವ ಶಾಸನವನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ನೋಂದಣಿಯು ದಾದಿ ಯಾರೆಂಬುದನ್ನು ಹೇಳುತ್ತದೆಯೇ ಹೊರತು ತಪ್ಪಾದಾಗ ಹೊಣೆ ಯಾರದೆಂಬುದನ್ನು ಪೂರ್ಣವಾಗಿ ಹೇಳುವುದಿಲ್ಲ. ಅದನ್ನು ನಿರ್ಣಯಿಸಿದವು ನ್ಯಾಯಾಲಯಗಳು. ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಮೊಕದ್ದಮೆ ಇದಕ್ಕೆ ಉತ್ತಮ ನಿದರ್ಶನ. ದಾದಿಯೊಬ್ಬಳು ಕೊಟ್ಟ ಚುಚ್ಚುಮದ್ದಿನಿಂದ ಬಾಲಕನೊಬ್ಬನ ಹೃದಯ ಸ್ತಂಭಿಸಿ ಮಿದುಳಿಗೆ ಶಾಶ್ವತವಾದ ಹಾನಿಯುಂಟಾಯಿತು. ನೌಕರನ ಅಲಕ್ಷ್ಯಕ್ಕೆ ಒಡೆಯನೂ ಬಾಧ್ಯನೆಂಬ ತತ್ತ್ವದಂತೆ ಆಸ್ಪತ್ರೆಯೇ ಹೊಣೆಯೆಂದು 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿ, ಬಾಲಕನಿಗೆ 12.5 ಲಕ್ಷ, ತಂದೆತಾಯಿಗಳಿಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. ಇದರಿಂದ ದಾದಿಯ ಹೊಣೆ ಕಳೆಯಿತೆಂದು ಭಾವಿಸಲಾಗದು. ಅಲಕ್ಷ್ಯದಿಂದ ಮರಣ ಸಂಭವಿಸಿದಲ್ಲಿ ಅಪರಾಧ ಕಾನೂನಿನ ಪ್ರಕಾರ ಆಕೆಯೂ ಸ್ವತಃ ಉತ್ತರವಾದಿ.

ಆದರೆ ಹೊಣೆಯೆಂದರೆ ತಪ್ಪಿಗೆ ತೆರುವ ದಂಡ ಮಾತ್ರವೆ? ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಪ್ರಕರಣವು ಈ ಪ್ರಶ್ನೆಯನ್ನು ಎತ್ತಿತು. 1973ರ ನವೆಂಬರ್ 27ರಂದು ಆಸ್ಪತ್ರೆಯಲ್ಲಿಯೇ ಕೆಲಸದವನೊಬ್ಬನ ಹಲ್ಲೆಗೆ ಗುರಿಯಾಗಿ ಆಕೆ ಚೇತನಹೀನರಾದರು. ದಾದಿಯರು ಮುಷ್ಕರ ಹೂಡಿದರು. ಕೊಲೆಯ ಪ್ರಯತ್ನ ಮತ್ತು ಸುಲಿಗೆಗಾಗಿ ಅಪರಾಧಿಗೆ ದೊರೆತದ್ದು ಏಳು ವರ್ಷಗಳ ಸಜೆ. ಅರುಣಾ ಅವರ ಸಜೆಯಾದರೋ 2015ರ ಮೇ 18ರವರೆಗೆ, ನಾಲ್ವತ್ತೊಂದು ವರ್ಷಗಳಿಗೂ ಮಿಗಿಲಾಗಿ ಬೆಳೆಯಿತು. ಆ ಅವಧಿಯಲ್ಲೆಲ್ಲ ಆಕೆಯನ್ನು ಸಾಕಿದವರು ತಲೆಮಾರು ತಲೆಮಾರಿನ ದಾದಿಯರು. ಹಾಸಿಗೆ ತೆರವಾಗಲೆಂದು ಆಕೆಯನ್ನು ಬೇರೆಡೆಗೆ ಸಾಗಿಸಲು ಯತ್ನ ನಡೆದಾಗ ಪ್ರತಿಭಟಿಸಿದವರೂ ಅವರೇ.

ಆಹಾರವನ್ನು ನಿಲ್ಲಿಸಿ ಆಕೆಗೆ ಬಿಡುಗಡೆ ಕೊಡಬೇಕೆಂದು ಲೇಖಕಿ ಪಿಂಕಿ ವಿರಾನಿ ಅವರು ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ತಾನಾಗಿ ಮಾತನಾಡಲಾರದ ರೋಗಿಯ ಪರವಾಗಿ ನಿಲ್ಲತಕ್ಕ 'ನೆಕ್ಸ್ಟ್ ಫ್ರೆಂಡ್' ಯಾರೆಂಬುದು ಅಲ್ಲಿ ಮುಖ್ಯ ಪ್ರಶ್ನೆಯಾಯಿತು. ಆಕೆಯನ್ನು ಕುರಿತು ಗ್ರಂಥ ಬರೆದವರಲ್ಲ, ಅಷ್ಟು ಕಾಲ ಉಣಿಸಿ ತೊಳೆದು ಕಾಪಾಡಿದ ಆಸ್ಪತ್ರೆಯ ಸಿಬ್ಬಂದಿಯೇ ಆ ಸ್ಥಾನಕ್ಕೆ ಅರ್ಹರೆಂದು ನ್ಯಾಯಾಲಯ ನಿರ್ಣಯಿಸಿತು. ಮುಂದೆ ಅವರ ಮನಸ್ಸು ಬದಲಾದಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಅನುಮತಿಯನ್ನು ಬೇಡಬೇಕೆಂದೂ ವಿಧಿಸಿತು. ಆಜ್ಞೆಯನ್ನು ಪಾಲಿಸುವವಳೆಂದು ಮಾತ್ರ ಎಣಿಸಲ್ಪಡುತ್ತಿದ್ದ ದಾದಿಗೆ, ಸಿಬ್ಬಂದಿಯ ಸಮುದಾಯದೊಳಗೆ, ರೋಗಿಯ ಪರವಾಗಿ ನುಡಿಯುವ ಅಧಿಕಾರ ದೊರೆತದ್ದು ಹೀಗೆ.

ಈ ಅಧಿಕಾರ ಸಾಮಾನ್ಯ ನಿಯಮವಾಗಿ ಬೆಳೆಯಲಿಲ್ಲ. ಘನತೆಯ ಮರಣವನ್ನು ಮಾನ್ಯಮಾಡಿದ 2018ರ ತೀರ್ಪೂ, ಅದರ ವಿಧಾನವನ್ನು ಸರಳಗೊಳಿಸಿದ 2023ರ ಆದೇಶವೂ ನಿರ್ಣಯವನ್ನು ಬಂಧುಗಳಿಗೂ ವೈದ್ಯ ಮಂಡಲಿಗಳಿಗೂ ಒಪ್ಪಿಸಿವೆ. ಆ ಮಂಡಲಿಗಳಲ್ಲಿ ದಾದಿಗೆ ಆಸನವನ್ನು ವಿಧಿಸಿಲ್ಲ. ತಪ್ಪಿನ ಹೊಣೆಯಲ್ಲಿ ದಾದಿಗೆ ಪಾಲನ್ನು ಕೊಡುವ ನ್ಯಾಯವು ನಿರ್ಣಯದಲ್ಲಿಯೂ ಪಾಲನ್ನು ಕೊಡಬೇಡವೆ? ವೈದ್ಯರು ದೂರವಿರುವ ಹಳ್ಳಿಯ ಉಪಕೇಂದ್ರದಲ್ಲಿ ಒಬ್ಬಳೇ ದುಡಿಯುವ ಆರೋಗ್ಯ ಸಹಾಯಕಿಗೆ ಈ ಪ್ರಶ್ನೆ ನಿತ್ಯದ ಅನುಭವ. ರೋಗಿಯ ಬಳಿಯಿದ್ದವರ ಮಾತಿಗೆ ಬೆಲೆಯುಂಟೆಂದು 2011ರಲ್ಲಿ ನ್ಯಾಯಾಲಯ ತೋರಿಸಿಕೊಟ್ಟಿತು. ಅದನ್ನು ವಿಧಿಯ ರೂಪಕ್ಕೆ ತರುವುದು ಶಾಸನಕರ್ತರ ಕರ್ತವ್ಯವೆಂದು ನಮ್ಮ ಅಭಿಪ್ರಾಯ.