ಮಿಶ್ರ ಪರಿಣಾಮ ಮಾದರಿ: ಪರಿಸರ ಅಧ್ಯಯನದಲ್ಲಿ

ಮಿಶ್ರ ಪರಿಣಾಮ ಮಾದರಿ ಎಂದರೆ ಒಂದೇ ಮರ, ಪ್ರಾಣಿ ಅಥವಾ ತಾಕಿನಲ್ಲಿ ಮತ್ತೆ ಮತ್ತೆ ತೆಗೆದ ಅಳತೆಗಳನ್ನು ವಿಶ್ಲೇಷಿಸುವ ಸಂಖ್ಯಾಶಾಸ್ತ್ರೀಯ ವಿಧಾನ. ಸ್ಥಿರ ಮತ್ತು ಯಾದೃಚ್ಛಿಕ ಪರಿಣಾಮಗಳೆರಡೂ ಒಂದೇ ಸಮೀಕರಣದಲ್ಲಿ ಇರುವುದರಿಂದ ಈ ಹೆಸರು ಬಂದಿದೆ.

ಅಗತ್ಯ

ಮರದ ಬೆಳವಣಿಗೆಯನ್ನು ತಿಳಿಯಲು ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತ ಸ್ಪ್ರಿಂಗ್ ಇರುವ ಲೋಹದ ಪಟ್ಟಿ ಕಟ್ಟುತ್ತಾರೆ. ಕಾಂಡ ದಪ್ಪವಾದಂತೆ ಪಟ್ಟಿಯ ಕಿಂಡಿ ಅಗಲವಾಗುತ್ತದೆ. ಅದನ್ನು ಕ್ಯಾಲಿಪರ್‌ನಿಂದ ಅಳೆದು ಬರೆದಿಡುತ್ತಾರೆ. 10 ತಾಕುಗಳಲ್ಲಿ ತಲಾ 20 ಮರಗಳನ್ನು 12 ತಿಂಗಳು ಅಳೆದರೆ 2,400 ಅಳತೆಗಳಾಗುತ್ತವೆ. ಐದು ತಾಕುಗಳಿಗೆ ಮಾತ್ರ ಬೆಂಕಿ ಬಿದ್ದಿದ್ದರೆ, ಬೆಂಕಿಯಿಂದ ಬೆಳವಣಿಗೆ ಕುಗ್ಗಿತೇ ಎಂಬ ಪ್ರಶ್ನೆಗೆ ಇರುವ ಸಾಕ್ಷಿಗಳು 2,400 ಅಲ್ಲ, 10 ತಾಕುಗಳು ಮಾತ್ರ. ಒಂದೇ ತಾಕಿನ ಮರಗಳಿಗೆ ಒಂದೇ ಮಣ್ಣು, ಒಂದೇ ತೇವ. ಸಾಮಾನ್ಯ ರಿಗ್ರೆಷನ್ ಪ್ರತಿ ಅಳತೆಯನ್ನೂ ಸ್ವತಂತ್ರವೆಂದು ಎಣಿಸಿ, ಇಲ್ಲದ ಖಚಿತತೆಯನ್ನು ತೋರಿಸುತ್ತದೆ. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಇಂಥ ತಪ್ಪನ್ನು ‘ಸ್ಯೂಡೋರೆಪ್ಲಿಕೇಷನ್’ ಎಂದು ಕರೆದು ಪರಿಸರ ವಿಜ್ಞಾನಿಗಳನ್ನು ಎಚ್ಚರಿಸಿದರು.

ಸ್ವರೂಪ

ಬೆಂಕಿ, ಮಳೆ ಮುಂತಾದವುಗಳ ಒಟ್ಟಾರೆ ಪ್ರಭಾವ ಸ್ಥಿರ ಪರಿಣಾಮ. ಪ್ರತಿ ತಾಕು ಹಾಗೂ ಅದರೊಳಗಿನ ಪ್ರತಿ ಮರ ಸರಾಸರಿಯಿಂದ ಎಷ್ಟು ಆಚೀಚೆ ಇದೆ ಎಂಬುದು ಯಾದೃಚ್ಛಿಕ ಪರಿಣಾಮ. ಇದರಿಂದ ಒಟ್ಟು ಏರುಪೇರಿನಲ್ಲಿ ತಾಕಿನ ಪಾಲೆಷ್ಟು, ಮರದ ಪಾಲೆಷ್ಟು, ಉಳಿದದ್ದೆಷ್ಟು ಎಂಬುದು ಬೇರೆಬೇರೆಯಾಗಿ ಸಿಗುತ್ತದೆ. ಕೆಲವೇ ಅಳತೆಗಳಿರುವ ಮರದ ಅಂದಾಜನ್ನು ಮಾದರಿ ಸರಾಸರಿಯ ಕಡೆಗೆ ಹೆಚ್ಚು ಸೆಳೆಯುತ್ತದೆ. ಆನೆ ಪಟ್ಟಿ ಕಿತ್ತು ಎರಡು ತಿಂಗಳ ಅಳತೆ ತಪ್ಪಿದರೂ ಆ ಮರವನ್ನು ಕೈಬಿಡಬೇಕಿಲ್ಲ. ಮಳೆಗೆ ಎಲ್ಲ ಮರಗಳೂ ಒಂದೇ ರೀತಿ ಸ್ಪಂದಿಸುವುದಿಲ್ಲವಾದರೆ, ಪ್ರತಿ ಮರಕ್ಕೂ ಬೇರೆ ಇಳಿಜಾರನ್ನು, ಅಂದರೆ ಮಳೆಗೆ ಸ್ಪಂದಿಸುವ ಬೇರೆ ದರವನ್ನು, ಕೊಡಬಹುದು.

ಇತಿಹಾಸ

ಈ ಚಿಂತನೆಯ ಬೇರು ರೊನಾಲ್ಡ್ ಫಿಶರ್ ಅವರ 1918ರ ಅನುವಂಶೀಯತೆಯ ಲೇಖನದಲ್ಲಿದೆ. ಹಾಲು ಕೊಡುವ ತಳಿಗಳ ಆಯ್ಕೆಗಾಗಿ ಚಾರ್ಲ್ಸ್ ಹೆಂಡರ್ಸನ್ ಇದನ್ನು ಬೆಳೆಸಿದರು. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ 1970ರ ಸುಮಾರಿಗೆ ಏರುಪೇರಿನ ಪಾಲುಗಳನ್ನು ಅಂದಾಜಿಸುವ ‘ಮಿಂಕ್ಯೂ’ ವಿಧಾನವನ್ನು ರೂಪಿಸಿದರು. 1982ರಲ್ಲಿ ನ್ಯಾನ್ ಲೇರ್ಡ್ ಮತ್ತು ಜೇಮ್ಸ್ ವೇರ್ ಪುನರಾವರ್ತಿತ ಅಳತೆಗಳಿಗೆ ಒಪ್ಪುವ ಚೌಕಟ್ಟು ಕೊಟ್ಟರು. ಈಗ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಎಲ್‌ಎಂಇ4’ ಪ್ಯಾಕೇಜು ವ್ಯಾಪಕ ಬಳಕೆಯಲ್ಲಿದೆ.

ಮಿತಿಗಳು

ಗುಂಪುಗಳು ಐದಕ್ಕಿಂತ ಕಡಿಮೆಯಿದ್ದರೆ ಅವುಗಳ ನಡುವಿನ ಏರುಪೇರಿನ ಅಂದಾಜು ನಂಬಲರ್ಹವಾಗುವುದು ಕಷ್ಟ. ಈ ತಿಂಗಳ ಅಳತೆ ಕಳೆದ ತಿಂಗಳದ್ದನ್ನು ಹೋಲುತ್ತಿದ್ದರೆ ಆ ಸಂಬಂಧವನ್ನೂ ಮಾದರಿಯಲ್ಲಿ ಸೇರಿಸಬೇಕು. ಸಸಿಗಳ ಎಣಿಕೆ, ಸಾವು-ಬದುಕಿನಂಥ ದತ್ತಾಂಶಕ್ಕೆ ಸಾಮಾನ್ಯೀಕೃತ ರೂಪ ಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಮುದುಮಲೈ ಕಾಡಿನಲ್ಲಿ 1988ರಲ್ಲಿ ಆರಂಭಿಸಿದ 50 ಹೆಕ್ಟೇರ್ ತಾಕಿನಲ್ಲಿ ಮರಗಳಿಗೆ ಗುರುತಿನ ಸಂಖ್ಯೆಗಳಿವೆ. ಇಂಥ ದೀರ್ಘ ಅಧ್ಯಯನಗಳಲ್ಲಿ ಇಂದಿನ ಅಳತೆಯನ್ನು ಅದೇ ಮರದ ಹಿಂದಿನ ಅಳತೆಗೆ ಜೋಡಿಸುವುದು ಆ ಸಂಖ್ಯೆಯೇ. ಅಳತೆ ಬರೆದಿಡುವ ಪುಸ್ತಕದ ಒಂದು ಸಾಲಿನಲ್ಲಿ ಅದು ತಪ್ಪಿದರೆ, ಯಾವ ಮರದ ಅಳತೆ ಅದು ಎಂಬುದನ್ನು ಯಾವ ಮಾದರಿಯೂ ಹೇಳಲಾರದು.