ಗರ್ಭಲಿಂಗಧಾರಣೆ: ಎಂಟನೆಯ ತಿಂಗಳ ಸಂಸ್ಕಾರ

ಗರ್ಭಿಣಿಗೆ ಎಂಟನೆಯ ತಿಂಗಳು ನಡೆಯುತ್ತಿರುವಾಗ, ಇನ್ನೂ ಹುಟ್ಟದ, ಹೆಸರೂ ಇಲ್ಲದ ಶಿಶುವಿಗಾಗಿ ಗುರುವು ಒಂದು ಇಷ್ಟಲಿಂಗವನ್ನು ಪೂಜಿಸಿ, ತಾಯಿಯ ಮುಖಾಂತರ ಅದನ್ನು ಶಿಶುವಿಗೆ ಅನುಗ್ರಹಿಸುವ ಸಂಸ್ಕಾರಕ್ಕೆ ಗರ್ಭಲಿಂಗಧಾರಣೆ ಎನ್ನುತ್ತಾರೆ. ಲಿಂಗಾಯತರಲ್ಲಿ ಜೀವಕ್ಕೆ ದೊರೆಯುವ ಮೊದಲ ಸಂಸ್ಕಾರವಿದು. ಶ್ರೀಮಠಕ್ಕೆ ಬರುವ ಸದ್ಭಕ್ತರು ಇದರ ವಿಷಯವಾಗಿ ಮತ್ತೆ ಮತ್ತೆ ಪ್ರಶ್ನೆಗಳನ್ನು ಕೇಳುತ್ತಾರೆ. ಅವುಗಳಲ್ಲಿ ಕೆಲವು ಸಂಕೋಚದಿಂದ, ತಗ್ಗಿದ ದನಿಯಲ್ಲಿ ಬರುತ್ತವೆ. ಆದುದರಿಂದ ಈ ವಿವರಣೆ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಬಸುರಿಯ ಕಾರ್ಯವೆಂದರೆ ಎಲ್ಲರಿಗೂ ನೆನಪಾಗುವುದು ಕುಬಸ. ಕುಪ್ಪಸವೆಂಬ ಮಾತೇ ಬಳಕೆಯಲ್ಲಿ ಕುಬಸವಾಗಿದೆ. ತವರಿನವರು ಹಸಿರು ಸೀರೆ, ಕುಬಸದ ಬಟ್ಟೆ, ಹಸಿರು ಬಳೆಗಳನ್ನು ತಂದು, ಮಗಳ ಉಡಿ ತುಂಬಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಮಾದಲಿಗಳ ಬುತ್ತಿ ಬಿಚ್ಚುವ ಸಂಭ್ರಮವದು. ಜಾತಿಭೇದವಿಲ್ಲದೆ ಈ ನೆಲದ ಬಹುತೇಕ ಮನೆಗಳಲ್ಲಿ ನಡೆಯುತ್ತದೆ. ಅದು ತಾಯಿಯ ಬಯಕೆ ತೀರಿಸುವ ಕಾರ್ಯ. ಗರ್ಭಲಿಂಗಧಾರಣೆಯಾದರೋ ಕೂಸಿನ ಕಾರ್ಯ. ಒಂದನ್ನು ಮಾಡಿದರೆ ಇನ್ನೊಂದನ್ನು ಮಾಡಿದಂತಾಗುವುದಿಲ್ಲ. ಇತ್ತೀಚೆಗೆ ಕಲ್ಯಾಣ ಮಂಟಪ ಹಿಡಿದು, ಹೂವಿನ ಜೋಕಾಲಿ ಕಟ್ಟಿಸಿ, ದಿನವಿಡೀ ಫೋಟೋ ತೆಗೆಸಿ ಕುಬಸ ಮಾಡುವವರು, ಅರ್ಧ ಗಂಟೆಯ ಈ ಸಂಸ್ಕಾರವನ್ನು ಮರೆತೇಬಿಡುವುದನ್ನು ಕಂಡಿದ್ದೇವೆ.

ಎಂಟನೆಯ ತಿಂಗಳೇ ಏಕೆ? ಆ ತಿಂಗಳ ಬಗೆಗೆ ನಮ್ಮ ಹಿರಿಯರಿಗೆ ಮೊದಲಿನಿಂದಲೂ ಅಂಜಿಕೆಯಿತ್ತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸಬಾರದು, ಕುಬಸವನ್ನು ಏಳರಲ್ಲಿಯೋ ಒಂಬತ್ತರಲ್ಲಿಯೋ ಮಾಡಬೇಕು ಎನ್ನುವ ಮಾತುಗಳ ಹಿಂದಿರುವುದು ಈ ಅಂಜಿಕೆಯೇ. ಚರಕ ಸಂಹಿತೆಯ ಶಾರೀರಸ್ಥಾನವೂ ಇದನ್ನು ಹೇಳುತ್ತದೆ: ಎಂಟನೆಯ ತಿಂಗಳಲ್ಲಿ ಓಜಸ್ಸು ಒಂದೆಡೆ ನಿಲ್ಲದೆ ತಾಯಿಯಿಂದ ಶಿಶುವಿಗೂ ಶಿಶುವಿನಿಂದ ತಾಯಿಗೂ ಸಂಚರಿಸುತ್ತಿರುತ್ತದೆ, ಆಗ ಹೆರಿಗೆಯಾದರೆ ಅಪಾಯ. ಎಲ್ಲರೂ ಶುಭಕಾರ್ಯಕ್ಕೆ ಹಿಂಜರಿಯುವ ತಿಂಗಳಲ್ಲಿಯೇ ಲಿಂಗಾಯತ ಪರಂಪರೆ ಗುರುವನ್ನು ಮನೆಗೆ ಬರಮಾಡಿಕೊಳ್ಳುತ್ತದೆ.

ವಿಧಿ ಬಹಳ ಸರಳ. ಗರ್ಭಿಣಿ ಮಿಂದು, ತನ್ನ ಇಷ್ಟಲಿಂಗದ ಪೂಜೆ ಮುಗಿಸಿ, ಗುರುವಿನ ಎದುರು ಅನುಕೂಲವಾದ ಆಸನದಲ್ಲಿ ಕುಳಿತುಕೊಳ್ಳುತ್ತಾಳೆ. ನೆಲದ ಮೇಲೆಯೇ ಕೂರಬೇಕೆಂಬ ಹಟ ಬೇಡ, ಕುರ್ಚಿಯಾದರೂ ಆದೀತು. ಗುರುವು ಹೊಸ ಲಿಂಗಕ್ಕೆ ಅಭಿಷೇಕ ಮಾಡಿ, ವಿಭೂತಿ ಧರಿಸಿ, ಪತ್ರಿ-ಪುಷ್ಪ ಏರಿಸಿ ಪೂಜಿಸುತ್ತಾರೆ. ತಾಯಿಗೆ ವಿಭೂತಿ ಹಚ್ಚಿ, ಪಂಚಾಕ್ಷರಿ ಮಂತ್ರವನ್ನು ಶಿಶುವನ್ನು ಉದ್ದೇಶಿಸಿ ಉಚ್ಚರಿಸಿ, ಆ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ತಾಯಿಗೆ ಒಪ್ಪಿಸುತ್ತಾರೆ. ಪಾದೋದಕ, ಪ್ರಸಾದಗಳೊಂದಿಗೆ ಕಾರ್ಯ ಮುಗಿಯಿತು. ಅಂದಿನಿಂದ ಹೆರಿಗೆಯವರೆಗೆ ಆ ತಾಯಿಯ ಬಳಿ ಎರಡು ಲಿಂಗಗಳಿರುತ್ತವೆ: ಒಂದು ಅವಳದು, ಇನ್ನೊಂದು ಅವಳ ಬಳಿ ಇಟ್ಟಿರುವ ಕೂಸಿನದು. ಕೂಸು ಹುಟ್ಟಿದ ಮೇಲೆ ಅದನ್ನು ಕೂಸಿಗೇ ಧಾರಣ ಮಾಡಿಸಬೇಕು. ಮನೆಯ ಹಿರಿಯರು ಹನ್ನೊಂದು ದಿನ ಮೈಲಿಗೆಯೆಂದು ತಡೆಯುವುದುಂಟು. ಐದು ಸೂತಕಗಳನ್ನು ನಿರಾಕರಿಸಿದ ಧರ್ಮದಲ್ಲಿ ಜನನಸೂತಕಕ್ಕೂ ಎಡೆಯಿಲ್ಲ, ಕಾಯಬೇಕಾಗಿಲ್ಲ.

ಬಾಲಕ ಬಸವಣ್ಣನವರ ಕಥೆಯೂ ಈ ಸಂಸ್ಕಾರದ ನೆನಪಿನೊಂದಿಗೆ ಹೆಣೆದುಕೊಂಡಿದೆ. 1369ರ ಭೀಮಕವಿಯ ಬಸವಪುರಾಣದ ಪರಂಪರೆಯಲ್ಲಿ, ತನಗೆ ಮೊದಲೇ ಲಿಂಗಸಂಸ್ಕಾರವಾಗಿದೆಯೆಂದು ಬಾಲಕನು ಉಪನಯನವನ್ನು ಒಲ್ಲೆನೆನ್ನುತ್ತಾನೆ. ಅದಕ್ಕಿಂತ ಹಳೆಯದಾದ ಹರಿಹರನ ರಗಳೆಯಲ್ಲಿ ಉಪನಯನವಾಗಿರುತ್ತದೆ, ಮುಂದೆ ಬಸವಣ್ಣನವರು ಜನಿವಾರವನ್ನು ತ್ಯಜಿಸುತ್ತಾರೆ. ಎರಡು ಕಥನಗಳೂ ಬೇರೆಯಾದರೂ ಪುರಾಣಕಾರರ ಇಂಗಿತ ಗಮನಾರ್ಹ: ಲಿಂಗವು ಎಂಟನೆಯ ವರ್ಷದವರೆಗೆ ಕಾಯುವುದಿಲ್ಲ, ಗಂಡುಮಗುವನ್ನೇ ಹುಡುಕುವುದೂ ಇಲ್ಲ.

ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಸೊಸೆಯನ್ನು ಕರೆತಂದಿದ್ದ ಹಿರಿಯ ತಾಯಿಯೊಬ್ಬರು, "ಅಜ್ಜಾರ, ಗಂಡs ಆಗ್ಲಿ ಅಂತ ಆಶೀರ್ವಾದ ಮಾಡಿ ಕಟ್ರಿ" ಎಂದು ಕೈಮುಗಿದರು. ಪೂಜ್ಯರು ಕೂಡಲೇ ಏನೂ ನುಡಿಯಲಿಲ್ಲ. ಲಿಂಗವನ್ನು ಸೊಸೆಯ ಅಂಗೈಯಲ್ಲಿಟ್ಟು, "ಯವ್ವಾ, ಇದರಾಗ ಗಂಡಿಗೆ ಬ್ಯಾರೆ, ಹೆಣ್ಣಿಗೆ ಬ್ಯಾರೆ ಅಂತ ಎರಡು ನಮೂನಿ ಅದಾವೇನು, ನೋಡಿ ಹೇಳವ್ವಾ" ಎಂದರು. ಸೊಸೆ ತಲೆ ತಗ್ಗಿಸಿ ನಕ್ಕಳು, ಅತ್ತೆಯವರೂ ನಕ್ಕರು. ವೈದಿಕ ಷೋಡಶ ಸಂಸ್ಕಾರಗಳಲ್ಲಿ ಪುಂಸವನವು ಪುತ್ರಪ್ರಾಪ್ತಿಯನ್ನು ಬಯಸುವ ಕರ್ಮ. ಪತಿಯು ಪತ್ನಿಯ ಬೈತಲೆ ತೆಗೆಯುವ ಸೀಮಂತೋನ್ನಯನ ಗರ್ಭದ ರಕ್ಷಣೆಗಾಗಿ. ಗರ್ಭಲಿಂಗಧಾರಣೆಯನ್ನು ಇವುಗಳೊಡನೆ ಬೆರೆಸಬಾರದು. ಒಳಗಿರುವ ಕೂಸು ಗಂಡೋ ಹೆಣ್ಣೋ ಎಂದು ಇಲ್ಲಿ ಕೇಳುವವರೇ ಇಲ್ಲ. ಗರ್ಭದ ಲಿಂಗಪತ್ತೆಯನ್ನು 1994ರ ಕಾನೂನು ಅಪರಾಧವೆಂದು ಸಾರಿದೆ. ಅದನ್ನು ಮಾಡಿಸಿಕೊಂಡು ಬಂದವರ ಮನೆಗೆ ಈ ಕಾರ್ಯಕ್ಕಾಗಿ ಹೋಗಲು ನಮಗೆ ಮನಸ್ಸಾಗದು.

ಹಾಗೆಯೇ ಇದು ತಾಯಿತವಲ್ಲ. ದೃಷ್ಟಿ ತಾಗದಿರಲಿ, ಗಾಳಿ ಸೋಂಕದಿರಲಿ ಎಂದು ಕಟ್ಟುವ ವಸ್ತುವಾಗಿದ್ದರೆ ಹೆರಿಗೆಯಾದ ಮೇಲೆ ಬಿಚ್ಚಿಡಬಹುದಿತ್ತು. ಇದು ಕೂಸು ಬದುಕಿರುವಷ್ಟು ಕಾಲ ಅದರೊಡನಿರುವ ಇಷ್ಟಲಿಂಗ. ಲಿಂಗ ಕಟ್ಟಿಸಿದ್ದೇವೆಂದು ತಾಯಿ ಕಾರ್ಡಿನ ತಪಾಸಣೆಗಳನ್ನು, ಕಬ್ಬಿಣಾಂಶದ ಗುಳಿಗೆಗಳನ್ನು, ರಕ್ತದೊತ್ತಡದ ಪರೀಕ್ಷೆಯನ್ನು ಯಾರೂ ಬಿಡತಕ್ಕದ್ದಲ್ಲ. ಮುಖ ಬಾತರೆ, ತಲೆ ಸಿಡಿದರೆ, ಕೂಸಿನ ಚಲನೆ ಕಡಿಮೆಯೆನಿಸಿದರೆ, ಅಂದೇ ಕಾರ್ಯ ನಿಗದಿಯಾಗಿದ್ದರೂ ಮೊದಲು ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮೈಮೇಲಿನದನ್ನೆಲ್ಲ ತೆಗೆಯಲು ಹೇಳಿದರೆ ವಾದಿಸುವುದು ಬೇಡ; ಎರಡೂ ಲಿಂಗಗಳನ್ನು ಮನೆಯವರ ಕೈಗೆ ಕೊಟ್ಟು, ಬಂದ ಮೇಲೆ ಧರಿಸಿಕೊಳ್ಳಬಹುದು.

ತಗ್ಗಿದ ದನಿಯ ಪ್ರಶ್ನೆಗಳು ಎರಡು. ಗರ್ಭಿಣಿಯ ಪತಿ ತೀರಿಕೊಂಡಿದ್ದರೆ ಕಾರ್ಯ ನಡೆಸಬಹುದೇ ಎಂಬುದು ಮೊದಲನೆಯದು. ಅವಶ್ಯವಾಗಿ ನಡೆಸಬೇಕು. ಕುಬಸಕ್ಕೆ ಮುತ್ತೈದೆಯರನ್ನೇ ಎಣಿಸುವ ರೂಢಿ ಜನರದು. ಗುರುವಿನ ಮುಂದೆ ಆ ಎಣಿಕೆಯಿಲ್ಲ. ಕೂಸಿಗೆ ತಂದೆಯಿಲ್ಲವೆಂದು ಲಿಂಗವೂ ಇಲ್ಲವಾಗಬೇಕೇ?

ಎರಡನೆಯದು ಇನ್ನೂ ಕಠಿಣ. ಲಿಂಗಧಾರಣೆಯಾದ ಮೇಲೆ ಕೂಸು ಉಳಿಯದಿದ್ದರೆ? ಕೇಳುವ ತಾಯಂದಿರ ಮಾತಿನಲ್ಲಿ, ತಮ್ಮ ಪೂಜೆಯಲ್ಲಿ ಕೊರತೆಯಾಯಿತೇನೋ ಎಂಬ ಅಳುಕಿರುತ್ತದೆ. ಕೊರತೆ ಅವರದಲ್ಲ. ಆ ಲಿಂಗವನ್ನು ಮರಳಿ ಮಠಕ್ಕೆ ತರಬೇಕಾಗಿಲ್ಲ, ಹೊಳೆಗೆ ಬಿಡಬೇಕಾಗಿಲ್ಲ, ಮುಂದಿನ ಕೂಸಿಗೆಂದು ಎತ್ತಿಡಬಾರದು. ಅದು ಆ ಕೂಸಿನದೇ. ದೊಡ್ಡವರಿಗೆ ಮಾಡುವಂತೆಯೇ, ವಿಭೂತಿ ಹಚ್ಚಿ, ಲಿಂಗವನ್ನು ಕೂಸಿನ ಕೈಯಲ್ಲಿಟ್ಟು ಸಮಾಧಿ ಮಾಡಬೇಕು. ಕರೆದರೆ ಶ್ರೀಮಠದಿಂದ ಯಾರಾದರೂ ಬರುತ್ತಾರೆ, ರಾತ್ರಿಯಾಗಿದ್ದರೂ ಬಂದಿದ್ದಾರೆ.

ಗರ್ಭಲಿಂಗಧಾರಣೆ ಮಾಡಿಸಬಯಸುವವರು ಏಳು ತುಂಬುತ್ತಲೇ ತಿಳಿಸಿದರೆ ಅನುಕೂಲ. ಮುಹೂರ್ತ ನೋಡಿಸುವ ಅಗತ್ಯವಿಲ್ಲ. ವಿಭೂತಿ, ಪತ್ರಿ, ಒಂದು ತೆಂಗಿನಕಾಯಿ, ಹೊಸದಾದ ಶುಭ್ರ ಅರಿವೆ ಇದ್ದರೆ ಸಾಕು. ಗರ್ಭಿಣಿಗೆ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದರೆ ಮಠಕ್ಕೆ ಕರೆತರಬೇಡಿ, ನಾವೇ ಮನೆಗೆ ಬರುತ್ತೇವೆ.