ಬೊಜ್ಜು, ಆಹಾರದ ಕೊಬ್ಬು ಮತ್ತು ಮೂಳೆಯ ಆರೋಗ್ಯ

ದೇಹದಲ್ಲಿ ಶೇಖರವಾದ ಕೊಬ್ಬೂ ಊಟದಲ್ಲಿ ತಿನ್ನುವ ಕೊಬ್ಬೂ ಮೂಳೆಯ ಸಾಂದ್ರತೆ, ರಚನೆ ಮತ್ತು ಮುರಿತದ ಸಂಭವವನ್ನು ಪ್ರಭಾವಿಸುತ್ತವೆ. ದಪ್ಪಗಿರುವವರ ಮೂಳೆ ಗಟ್ಟಿ ಎಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ಅದಕ್ಕೆ ಆಧಾರವಿಲ್ಲದೆ ಇರಲಿಲ್ಲ. ಮೂಳೆ ಹೊತ್ತ ಭಾರಕ್ಕೆ ತಕ್ಕಂತೆ ಬಲಿಯುತ್ತದೆ. ಮುಟ್ಟು ನಿಂತ ಮೇಲೆ ಕೊಬ್ಬಿನ ಅಂಗಾಂಶದಲ್ಲಿರುವ ಅರೊಮಟೇಸ್ ಕಿಣ್ವ ಆಂಡ್ರೊಜೆನ್ನನ್ನು ಈಸ್ಟ್ರೊಜೆನ್ನಾಗಿ ಮಾರ್ಪಡಿಸಿ ಮೂಳೆ ಸವೆತವನ್ನು ತಗ್ಗಿಸುತ್ತದೆ. ಬಿದ್ದಾಗ ಸೊಂಟದ ಸುತ್ತಲಿನ ಕೊಬ್ಬು ಪೆಟ್ಟನ್ನು ತಡೆದುಕೊಳ್ಳುತ್ತದೆ.

ಈ ನಂಬಿಕೆ ಅಲುಗಾಡಿದ್ದು ಹತ್ತು ದೇಶಗಳ 60,000ಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡ ‘ಗ್ಲೋ’ ಅಧ್ಯಯನದಿಂದ. ಅದರ 2011ರ ವರದಿಯಂತೆ ಬೊಜ್ಜಿರುವ ಮಹಿಳೆಯರಲ್ಲಿ ಮಣಿಕಟ್ಟಿನ ಮುರಿತ ಕಡಿಮೆ, ಆದರೆ ಕಾಲಿನ ಹರಡು ಮತ್ತು ತೊಡೆಯ ಮುರಿತ ಹೆಚ್ಚು. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಹೊಟ್ಟೆಯೊಳಗೆ ಅಂಗಗಳ ಸುತ್ತ ಸೇರಿದ ಕೊಬ್ಬು ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಇವು ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳನ್ನು ಪ್ರಚೋದಿಸುತ್ತವೆ.

ಕೊಬ್ಬು ಮೂಳೆಯ ಒಳಗೂ ಇದೆ. ಕಾಲು ಸೂಪಿನ ಮೂಳೆಯನ್ನು ಒಡೆದರೆ ಸಿಗುವ ಹಳದಿ ಬಣ್ಣದ ಮೃದು ಪದಾರ್ಥ ಬಹುಪಾಲು ಕೊಬ್ಬೇ. ಹುಟ್ಟಿದ ಮಗುವಿನ ಮೂಳೆಗಳಲ್ಲಿ ರಕ್ತ ಉತ್ಪಾದಿಸುವ ಕೆಂಪು ಮಜ್ಜೆ ತುಂಬಿರುತ್ತದೆ. ಬೆಳೆದಂತೆ ಕೈಕಾಲುಗಳ ಉದ್ದ ಮೂಳೆಗಳಲ್ಲಿ ಅದರ ಜಾಗಕ್ಕೆ ಹಳದಿ ಮಜ್ಜೆ ಬರುತ್ತದೆ. ಮಜ್ಜೆಯ ಒಂದೇ ಬಗೆಯ ಆಕರಕೋಶ ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್ ಆಗಬಲ್ಲದು, ಕೊಬ್ಬಿನ ಕೋಶವೂ ಆಗಬಲ್ಲದು. ಪಿಪಿಎಆರ್-ಗಾಮಾ ಎಂಬ ಪ್ರೊಟೀನು ಚುರುಕಾದರೆ ಅದು ಕೊಬ್ಬಿನ ಕಡೆ ವಾಲುತ್ತದೆ. ಇದೇ ಪ್ರೊಟೀನನ್ನು ಪ್ರಚೋದಿಸುವ ರೋಸಿಗ್ಲಿಟಾಜೋನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡ ಮಹಿಳೆಯರಲ್ಲಿ ಮುರಿತಗಳು ಹೆಚ್ಚಿದ್ದು ಇದಕ್ಕೆ ಸಾಕ್ಷಿ. ಹಾಗೆಂದು ಮಜ್ಜೆಯ ಕೊಬ್ಬು ಬೊಜ್ಜಿನವರ ಸಮಸ್ಯೆ ಮಾತ್ರವಲ್ಲ. ಊಟ ಬಿಟ್ಟು ಸೊರಗಿದ ಅನೊರೆಕ್ಸಿಯಾ ರೋಗಿಗಳಲ್ಲೂ ಅದು ಏರುತ್ತದೆ, ಮೂಳೆ ತೆಳುವಾಗುತ್ತದೆ.

ಆಹಾರದ ಕೊಬ್ಬಿನಲ್ಲಿ ಪಾಲ್ಮಿಟಿಕ್ ಆಮ್ಲದಂಥ ಪರ್ಯಾಪ್ತ ಕೊಬ್ಬು ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಸಾಬೂನಾಗುತ್ತದೆ. ಆ ಕ್ಯಾಲ್ಸಿಯಂ ಮಲದಲ್ಲಿ ಹೊರಹೋಗುತ್ತದೆ. ತಾಳೆ ಎಣ್ಣೆಯ ಅಂಶ ಬೆರೆಸಿದ ಹಾಲಿನ ಪುಡಿ ಕುಡಿದ ಶಿಶುಗಳಲ್ಲಿ ಈ ನಷ್ಟವನ್ನು ಅಳೆದು ನೋಡಲಾಗಿದೆ. ಮೀನಿನ ಒಮೆಗಾ-3 ಕೊಬ್ಬಿನಿಂದ ಪ್ರಾಣಿಗಳ ಮೂಳೆಗೆ ಆದ ಲಾಭ ಮನುಷ್ಯರಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಎಣ್ಣೆಯನ್ನು ಪೂರ್ತಿ ಬಿಡುವುದೂ ತಪ್ಪು. ಮೂಳೆಗೆ ಬೇಕಾದ ವಿಟಮಿನ್ ಡಿ ಮತ್ತು ಕೆ ಕೊಬ್ಬಿನಲ್ಲಿ ಕರಗುವಂಥವು. ಸೊಪ್ಪಿನ ಪಲ್ಯದ ವಿಟಮಿನ್ ಕೆ ಮೈಗೆ ಹತ್ತಲು ಒಗ್ಗರಣೆಯ ಎಣ್ಣೆ ನೆರವಾಗುತ್ತದೆ. ಬೊಜ್ಜಿರುವವರ ರಕ್ತದಲ್ಲಿ ವಿಟಮಿನ್ ಡಿ ಸಾಮಾನ್ಯವಾಗಿ ಕಡಿಮೆ, ಏಕೆಂದರೆ ಅದು ಕೊಬ್ಬಿನಲ್ಲೇ ಹರಡಿ ಉಳಿದುಬಿಡುತ್ತದೆ.

ತಪಾಸಣೆಯಲ್ಲೂ ತೊಡಕಿದೆ. ಬೊಜ್ಜಿನ ಜೊತೆ ಹೆಚ್ಚಾಗಿ ಕಾಣುವ ಟೈಪ್-2 ಮಧುಮೇಹ ಇರುವವರ ಮೂಳೆ ಸಾಂದ್ರತೆ ಡೆಕ್ಸಾ ಸ್ಕ್ಯಾನಿನಲ್ಲಿ ಸರಿಯಾಗಿಯೇ, ಕೆಲವೊಮ್ಮೆ ಹೆಚ್ಚಾಗಿಯೇ ಕಂಡರೂ ಮುರಿತದ ಅಪಾಯ ಹೆಚ್ಚಿರುತ್ತದೆ. ಭಾರತೀಯರಲ್ಲಿ ತೂಕ ಕಡಿಮೆಯಿದ್ದರೂ ಹೊಟ್ಟೆಯ ಕೊಬ್ಬು ಹೆಚ್ಚು. ಆದ್ದರಿಂದಲೇ ಇಲ್ಲಿ ದೇಹತೂಕ ಸೂಚ್ಯಂಕ 25 ಮುಟ್ಟಿದರೆ ಬೊಜ್ಜು ಎಂದು ಗಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಿತಿ 30. ಈ ಸೂಚ್ಯಂಕದ ಜೊತೆ ಸೊಂಟದ ಸುತ್ತಳತೆಯನ್ನೂ ನೋಡಬೇಕು.

ತೂಕ ಇಳಿಸುವಾಗ ಮೂಳೆಯೂ ಸ್ವಲ್ಪ ಕರಗುತ್ತದೆ. ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ ಇನ್ನೂ ಹೆಚ್ಚು. ಬೊಜ್ಜಿದ್ದ 160 ವೃದ್ಧರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎಲ್ಲ ವ್ಯಾಯಾಮದ ಗುಂಪುಗಳೂ ಸುಮಾರು ಒಂದೇ ಪ್ರಮಾಣದಲ್ಲಿ ತೂಕ ಇಳಿಸಿದವು. ನಡಿಗೆಯಂಥ ಏರೋಬಿಕ್ ವ್ಯಾಯಾಮವನ್ನಷ್ಟೇ ಮಾಡಿದವರ ಸೊಂಟದ ಮೂಳೆ ಸಾಂದ್ರತೆ ಶೇ 3ರಷ್ಟು ಕುಸಿಯಿತು. ಭಾರ ಎತ್ತುವ ವ್ಯಾಯಾಮವನ್ನೂ ಸೇರಿಸಿಕೊಂಡವರಲ್ಲಿ ಕುಸಿತ ಶೇ 1, ಭಾರವನ್ನಷ್ಟೇ ಎತ್ತಿದವರಲ್ಲಿ ಶೇ 0.5.